ಹಿಂದಿನ ಎಡಗಾಲಿ

ವೀರೇಶ, ಅವತ್ತು ನೀನು ನಿದ್ದೆ ಮಾಡಿರಲಿಲ್ಲ. ಜೀಪಿನ ಹಿಂದಿನ ಎಡಗಾಲಿಗೆ ಗಾಳಿ ತುಂಬದೆ, ತುಂಬಿದ್ದೇನೆ ಎಂದವನು ನಾನು. ಒಂಬತ್ತು ವರ್ಷ ಇದನ್ನು ನಿನಗೆ ಹೇಳದೆ ಉಳಿದೆ.

ಮಿಕ್ಕದ್ದನ್ನು ಹೇಳಲು ಹೆದರಿಕೆ. ನನ್ನ ನೆನಪನ್ನು ನಾನೇ ನಂಬುವುದಿಲ್ಲ. ಪರಸಪ್ಪ ತಲೆಗೆ ಹಳದಿ ಟವೆಲ್ ಸುತ್ತಿದ್ದ ಎಂದು ಒಂದು ದಿನ ಅನ್ನಿಸುತ್ತದೆ, ಮರುದಿನ ಬರಿತಲೆ ಅನ್ನಿಸುತ್ತದೆ. ಬೇಸಿಗೆ ಎಂಬುದು ಖಚಿತ; ಇಲ್ಲದಿದ್ದರೆ ಡ್ಯಾಮಿನ ಹಿನ್ನೀರು ಅಷ್ಟು ದೂರ ಸರಿದು ಉಸುಕಿನ ದಿಬ್ಬಗಳು ಬಯಲಾಗುತ್ತಿರಲಿಲ್ಲ. ನಿನ್ನ ಹಳೆಯ ಜೀಪು, ನಾವು ಮೂವರು ಗೆಳೆಯರು, ಪರಸಪ್ಪನ ಮನೆಯ ಖಡಕ್ ರೊಟ್ಟಿ.

ಉಸುಕಿನಲ್ಲಿ ಗಾಲಿ ಹೂತುಹೋಗಬಾರದೆಂದು ನೀನು ನಾಲ್ಕರಿಂದಲೂ ಅರ್ಧ ಗಾಳಿ ಬಿಟ್ಟೆ. ಎಲ್ಲಿ ಮೆತ್ತಗಿದೆ, ಎಲ್ಲಿ ಗಟ್ಟಿ— ಸ್ಟಿಯರಿಂಗ್ ಹಿಡಿದ ಅಂಗೈಯಲ್ಲೇ ನಿನಗೆ ತಿಳಿಯುತ್ತಿತ್ತು. ದಿಬ್ಬದ ನೆತ್ತಿ ಏರಿದಾಗ ಕಣ್ಣ ಮುಂದೆ ಬರೀ ಆಕಾಶ.

"ಹಗೂರ ಇಳಸಲೇ! ಮನಿಯಾಗ ಹೇಂತಿ ಅದಾಳ!" ಎಂದು ಪರಸಪ್ಪ ಕೂಗಿದ.

"ಜೋರ್ ಹೊಡಿ ಅಂತ ಆಕಿನ ಹೇಳಿ ಕಳಸ್ಯಾಳಪಾ!" ಎಂದೆ ನೀನು.

ಡಾಂಬರು ರಸ್ತೆ ಹತ್ತುವ ಮುನ್ನ ಗಾಲಿಗಳಿಗೆ ಮತ್ತೆ ಗಾಳಿ ತುಂಬಬೇಕು. ಕಾಲಲ್ಲಿ ಒತ್ತುವ ಪಂಪು ನನ್ನ ಪಾಲಿಗೆ ಬಂತು. ಮೂರಕ್ಕೆ ತುಂಬಿದೆ. ನಾಲ್ಕನೆಯದರ ಹೊತ್ತಿಗೆ— ಕಾಲು ಸೋತಿತ್ತು ಎನ್ನಬಹುದು. ಸೋತಿರಲಿಲ್ಲ. ನೀವಿಬ್ಬರೂ ನೀರಿನಂಚಿನಲ್ಲಿ ನಿಂತು ನಗುತ್ತಿದ್ದಿರಿ, ನನಗೂ ಅಲ್ಲಿರಬೇಕಿತ್ತು. ಅಷ್ಟೇ.

"ನಾಕೂ ಆದ್ವೇನಲೇ?" ಎಂದು ನೀನು ಕೇಳಿದೆ.

"ಹೂಂ, ನಾಕೂ ಆದ್ವು."

ಕೊಪ್ಪಳ ದಾಟಿದ ಮೇಲೆ ನೀನು, "ಗಾಡಿ ಯಾಕೋ ಎಡಕ್ಕ ಎಳಿಯಾಕತ್ತೈತಿ" ಎಂದೆ.

"ಉಸುಕಿನ ಗುಂಗು ಇನ್ನೂ ಇಳದಿಲ್ಲ ನಿನಗ" ಎಂದೆ ನಾನು. ನೀನು ನಕ್ಕೆ. ನಂಬಿದೆ.

ಕುಷ್ಟಗಿ ದಾರಿಯ ತಿರುವಿನಲ್ಲಿ ಆ ಟೈರು ರಿಮ್ಮಿನಿಂದ ಕಳಚಿತು. ಜೀಪು ತಗ್ಗಿಗೆ ಉರುಳಿ ಪರಸಪ್ಪನ ಮೊಣಕಾಲು ಮುರಿಯಿತು. ಬಿದ್ದ ಪೆಟ್ಟಿಗೇ ಟೈರು ಕಳಚಿದೆ ಎಂದರು ನೋಡಿದವರು.

ಆಸ್ಪತ್ರೆಯ ಬೆಂಚಿನ ಮೇಲೆ, ಹಣೆಗೆ ಪಟ್ಟಿ ಕಟ್ಟಿಸಿಕೊಂಡು, ನೀನು ಕೇಳಿದೆ: "ಏನೂ ನೆನಪಾಗವಲ್ದು. ನಂಗ ನಿದ್ದಿ ಹತ್ತಿತ್ತೇನಲೇ?"

ಇಲ್ಲ ಎಂದಿದ್ದರೆ ಸಾಕಿತ್ತು.

"ಒಂದ್ ಗಳಿಗಿ ಹತ್ತಿತ್ತು ಅನಸ್ತೈತಿ."

ಅನಸ್ತೈತಿ— ಆ ಪದದ ಹಿಂದೆ ಇಷ್ಟು ವರ್ಷ ಅಡಗಿದ್ದೇನೆ.

ನೆನಪಿಲ್ಲದ ಖಾಲಿ ಜಾಗದಲ್ಲಿ ನಾನಿಟ್ಟ ನಿದ್ದೆಯನ್ನು ನೀನು ಸಾಕಿ ಬೆಳೆಸಿದೆ. ಜೀಪು ಮಾರಿದೆ. ಪರಸಪ್ಪ ಕುಂಟುತ್ತ ಬಂದರೆ ಓಡಿಹೋಗಿ ಅವನ ಕೈಚೀಲ ಇಸಿದುಕೊಳ್ಳುತ್ತೀ. ಈಗಂತೂ ಆ ನಿದ್ದೆಯಲ್ಲಿ ಒಂದು ಕನಸೂ ಇದೆ: ತೀರಿಹೋದ ನಿಮ್ಮವ್ವ ಬಾವಿಕಟ್ಟೆಯಲ್ಲಿ ನಿಂತು ನಿನ್ನ ಹೆಸರು ಹಿಡಿದು ಕರೆಯುತ್ತಾಳೆ. ಹೋದ ವಾರ ನಿನ್ನ ಮಗಳು ಗೌರಿ ಕಾರು ಕಲಿಸು ಎಂದು ಬೆನ್ನುಬಿದ್ದಾಗ ಅವಳಿಗೂ ನೀನು ಆ ಕನಸನ್ನೇ ಹೇಳಿದೆ. "ನನ್ನ ಕಣ್ಣನ್ನ ನಾನು ನಂಬಂಗಿಲ್ಲವ್ವಾ. ಬ್ಯಾರೇದವರ ಕಡೆ ಕಲಿ." ಪಕ್ಕದಲ್ಲಿ ಕೂತು ನಾನು ಚಹಾ ಕುಡಿಯುತ್ತಿದ್ದೆ. ಕುಡಿದು ಮುಗಿಸಿದೆ ಕೂಡ.

ಭಾನುವಾರ ನಿನ್ನ ಮನೆಗೆ ಬರುತ್ತೇನೆ. ಪರಸಪ್ಪನನ್ನೂ ಕರೆದಿದ್ದೇನೆ. ಗೌರಿಯ ಎದುರಿಗೇ ಈ ಕಾಗದ ಓದುತ್ತೇನೆ. ಆಮೇಲೆ ನೀನೂ ಪರಸಪ್ಪನೂ ನನ್ನನ್ನು ಮಾತಾಡಿಸದಿದ್ದರೂ ಸರಿ. ಗೌರಿ ನಿನ್ನ ಪಕ್ಕದಲ್ಲೇ ಕೂತು ಕಲಿಯಲಿ.

ನಿಮ್ಮವ್ವನ ಕನಸನ್ನು ಮಾತ್ರ— ನೀನು ನಿದ್ದೆ ಮಾಡಿರಲಿಲ್ಲ ಎಂದ ಮೇಲೆ ಅವಳು ಕರೆದದ್ದೂ ಇಲ್ಲ. ಅವಳನ್ನೂ ನಿನ್ನಿಂದ ಕಸಿದುಕೊಳ್ಳಲು ಬರುತ್ತಿದ್ದೇನೆ, ವೀರೇಶ.