ಮಲಗಿದ ಯಂತ್ರ ಮಗ್ಗುಲಾಗುವ ಹೊತ್ತು

ಬೆಳಗಿನ ಐದೂ ಇಪ್ಪತ್ತು. ಅನುಗೊಂಡನಹಳ್ಳಿಯಿಂದ ಒಂದೂವರೆ ಕಿಲೋಮೀಟರ್ ಆಚೆ, ರಾಗಿ ಹೊಲಗಳ ನಡುವೆ ನಿಂತಿರುವ ಶೈತ್ಯಾಗಾರದ ಹಿಂಬಾಗಿಲಲ್ಲಿ ಪಿಳ್ಳಮ್ಮ ಚಪ್ಪಲಿ ಬಿಡುತ್ತಾರೆ. ಮಂಜು ಎಷ್ಟು ಬಿದ್ದಿದೆಯೆಂದರೆ ಅಂಗಳದಾಚೆಯ ತೂಕದ ಕೋಣೆಯ ದೀಪ ಬರೀ ಹಳದಿ ಕಲೆ. ಯಂತ್ರದ ಕೋಣೆಯ ನೆಲ ತಣ್ಣಗಿದೆ, ಸಣ್ಣಗೆ ನಡುಗುತ್ತಿದೆ. ಒಳಗೆ ಎದೆಯೆತ್ತರದ ಮೂರು ಕಂಪ್ರೆಸರುಗಳು. ಎರಡು ಓಡುತ್ತಿವೆ. ಮೂರನೆಯದು ಮಲಗಿದೆ.

ಓಡುವ ಯಂತ್ರಗಳ ಬಳಿಗೆ ಅವರು ಮೊದಲು ಹೋಗುತ್ತಾರೆ. ಬಲಗೈಯ ಹಿಂಬದಿಯನ್ನು ಬೇರಿಂಗಿನ ಕವಚಕ್ಕೆ ಒತ್ತಿ, ತುಟಿ ಅಲ್ಲಾಡಿಸುತ್ತ ಎಣಿಸುತ್ತಾರೆ. ಹತ್ತರವರೆಗೆ ಕೈ ಇಡಲಾದರೆ ಸರಿ. ಐದಕ್ಕೇ ಚುರುಗುಟ್ಟಿದರೆ ಆಪರೇಟರನ್ನು ಕರೆಯಬೇಕು. ಎರಡು ಕಂಪ್ರೆಸರು, ನಾಲ್ಕು ಪಂಪು, ಆರು ಫ್ಯಾನು. ಒಟ್ಟು ಇಪ್ಪತ್ತೆಂಟು ಕಡೆ ಕೈ ಇಡಬೇಕು. ಅದೆಲ್ಲ ಮುಗಿಯುವಾಗ ಐದೂ ನಲವತ್ತು.

ಕೊನೆಗೆ ಮೂರನೆಯದು. ಅದರ ದೊಡ್ಡ ಚಕ್ರದ ಮುಂದಿನ ಜಾಲರಿ ಬಾಗಿಲು ತೆಗೆಯುತ್ತಾರೆ. ಕೈ ಚಾಚುವ ಮೊದಲು ಕೂಗುತ್ತಾರೆ.

"ನಂದೀಶಾ, ಮೂರಕ್ಕೆ ಕೈ ಹಾಕ್ತೀನಿ ಕಣೋ!"

ಗಾಜಿನಾಚೆ, ಸ್ವಿಚ್ ಬೋರ್ಡಿನ ಕೋಣೆಯಲ್ಲಿ ಕೂತ ಆಪರೇಟರ್ ನಂದೀಶ್ ಉತ್ತರ ಕೊಡುತ್ತಾನೆ. "ಹಾಕಮ್ಮೋ!"

ಆಮೇಲಷ್ಟೇ ಆ ಕೈ ಚಕ್ರವನ್ನು ಹಿಡಿಯುವುದು. ಒಂದು ಕಾಲನ್ನು ಹಿಂದಕ್ಕಿಟ್ಟು, ಉಸಿರು ಬಿಗಿಹಿಡಿದು ಎಳೆಯುತ್ತಾರೆ. ಕಾಲು ಸುತ್ತು, ಅಷ್ಟೇ. ಚಕ್ರದ ಅಂಚಿನ ಸೀಮೆಸುಣ್ಣದ ಗೆರೆ ಮೇಲಿದ್ದದ್ದು ಬಲಕ್ಕೆ ಬರುತ್ತದೆ. ನಾಳೆ ಕೆಳಕ್ಕೆ ಹೋಗುತ್ತದೆ, ನಾಡಿದ್ದು ಎಡಕ್ಕೆ.

"ನಿಂತಿರೋ ಮಿಷನ್ನು ಒಂದೇ ಮಗ್ಗುಲಲ್ಲಿದ್ರೆ ಪಕ್ಕದೋವುಗಳ ನಡುಕಕ್ಕೆ ಒಳಗಿನ ಗುಂಡುಗಳು ಅಲ್ಲಲ್ಲೇ ಕುಟ್ಕೊಂಡು ಗುಳಿ ಬೀಳ್ತಾವೆ" ಎನ್ನುತ್ತಾರೆ ಪಿಳ್ಳಮ್ಮ, ಅಂಗೈಯನ್ನು ಸೀರೆಗೆ ಒರೆಸಿಕೊಳ್ಳುತ್ತ. "ಆಸ್ಪತ್ರೇಲಿ ಏಳಕ್ಕಾಗ್ದೋರ್ನ ಹೊರಳುಸ್ತಾರಲ್ಲ, ಬೆನ್ನು ಹುಣ್ಣಾಗ್ದಿರ್ಲಿ ಅಂತ? ಅಂಗೇ ಇದೂನೂ."

ಪಿಳ್ಳಮ್ಮನಿಗೆ ಐವತ್ತನಾಲ್ಕು. ಹದಿನೇಳು ವರ್ಷದ ಹಿಂದೆ ಹುಣಸೆ ಮೂಟೆಗಳ ಬಾಯಿ ಹೊಲಿಯಲು ಬಂದವರು. ಅವರನ್ನು ಯಂತ್ರದ ಕೋಣೆಗೆ ಎಣ್ಣೆ ಒರೆಸಲು ಕರೆದದ್ದು ಫಿಟ್ಟರ್ ದೊಡ್ಡಮುನಿಯಪ್ಪ. ಕೈಯಿಟ್ಟು ಎಣಿಸುವುದು, ಕೂಗಿ ಉತ್ತರಕ್ಕೆ ಕಾಯುವುದು, ಕಾಲು ಸುತ್ತು ತಿರುಗಿಸುವುದು, ಮೂರನ್ನೂ ಹೇಳಿಕೊಟ್ಟವರು ಅವರೇ. "ಓ ಅನ್ನೋವರ್ಗೂ ಕೈ ನಿಂದಲ್ಲ, ನನ್ದು, ಮುಟ್ಟಬ್ಯಾಡ ಅಂತಿದ್ರು" ಎಂದು ನೆನೆಯುತ್ತಾರೆ. ಒಮ್ಮೆ ಯಂತ್ರದ ಅಮೋನಿಯಾ ಗ್ಯಾಸು ಸೋರಿದ ಬೆಳಿಗ್ಗೆ, ಎಲ್ಲರೂ ಗೇಟಿನತ್ತ ಓಡಿದರೆ ಪಿಳ್ಳಮ್ಮ ಒಳಗೆ ಹೋಗಿ ಮೂಟೆಗಳ ಸಂದಿಯಲ್ಲಿ ಬಿದ್ದಿದ್ದ ಇಬ್ಬರನ್ನು ಎಳೆದು ತಂದರು. ಅಂದಿನಿಂದ ಅವರಿಗೆ ವಾಸನೆ ತಿಳಿಯುವುದಿಲ್ಲ. ಹನ್ನೆರಡು ಸಾವಿರ ಮೂಟೆ ಹುಣಸೆಹಣ್ಣಿನ ನಡುವೆ ದಿನ ಕಳೆಯುತ್ತಾರೆ. ಮೂಗಿಗೆ ಅದು ಬರೀ ತಣ್ಣನೆಯ ಗಾಳಿ. "ಮೂಗು ಹೋಯ್ತು. ಕೈ ಐತಲ್ಲ" ಎಂದು ಮಾತು ಮುಗಿಸಿಬಿಡುತ್ತಾರೆ.

ದೊಡ್ಡಮುನಿಯಪ್ಪ ತೀರಿಕೊಂಡು ನಾಲ್ಕು ವರ್ಷವಾಯಿತು. ಅವರ ಜಾಗಕ್ಕೆ ಯಾರೂ ಬರಲಿಲ್ಲ. ಅವರ ಬೆಳಗಿನ ಸುತ್ತು ಪಿಳ್ಳಮ್ಮನ ಕೈಗೆ ಬಂತು. ಹಾಜರಿ ಪುಸ್ತಕದಲ್ಲಿ ಮಾತ್ರ ಪಿಳ್ಳಮ್ಮನ ಹೆಸರಿನ ಮುಂದೆ ಇಂದಿಗೂ 'ಸ್ವಚ್ಛತೆ' ಎಂದೇ ಇದೆ. ಕಾಲು ಸುತ್ತಿನ ಮಾತು ಯಾವ ಪುಸ್ತಕದಲ್ಲೂ ಇಲ್ಲ.

ಇಲ್ಲದ್ದರಿಂದಲೇ ಹೋದ ಕಾರ್ತಿಕದಲ್ಲಿ ಅದೆಲ್ಲ ನಡೆದದ್ದು.

ಬೇಸಿಗೆಯಲ್ಲೊಮ್ಮೆ ಎರಡೂ ಯಂತ್ರ ನಿಂತುಹೋಗಿ, ಮೂರು ಗಂಟೆ ಯಾರಿಗೂ ಗೊತ್ತಾಗದೆ ರೈತರ ಬಿತ್ತನೆ ಆಲೂಗಡ್ಡೆ ಬೆವೆತು ಕೆಡತೊಡಗಿತ್ತು. ಮಾಲೀಕ ವೆಂಕಟರಮಣಪ್ಪನವರು ಆಗಲೇ ತೀರ್ಮಾನಿಸಿದರು, ಹೊಸಕೋಟೆಯ ಮನೆಯಲ್ಲಿ ಕೂತೇ ಯಂತ್ರಗಳನ್ನು ನೋಡುವಂತಾಗಬೇಕು ಎಂದು. ಮೂರು ಕಂಪನಿಗಳು ಬಂದವು. ಒಂದು ತಿಂಗಳ ಪರೀಕ್ಷೆಗೆಂದು ಮೂರೂ ತಮ್ಮ ತಮ್ಮ ಪೆಟ್ಟಿಗೆಗಳನ್ನು ಕಂಪ್ರೆಸರುಗಳ ಮೈಗೆ ಅಂಟಿಸಿ ಹೋದವು: ಬೂದು, ನೀಲಿ, ಬಿಳಿ. ಬೂದು ಪೆಟ್ಟಿಗೆ ಕಾಲು ಗಂಟೆಗೊಮ್ಮೆ ಸುದ್ದಿ ಕಳಿಸುತ್ತಿತ್ತು. ನೀಲಿ ಪ್ರತಿ ಕ್ಷಣವೂ ಕಳಿಸುತ್ತಿತ್ತು. ಬಿಳಿಯದು ಕಳಿಸುವುದಲ್ಲದೆ, ಬೇಕೆಂದರೆ ದೂರದಿಂದಲೇ ಯಂತ್ರವನ್ನು ಚಾಲೂ ಮಾಡುತ್ತಿತ್ತು. ಯಾವುದನ್ನು ಇಟ್ಟುಕೊಳ್ಳಬೇಕೆಂದು ನೋಡಿ ಹೇಳುವ ಕೆಲಸ ನಿರ್ವಹಣೆಯ ಎಂಜಿನಿಯರ್ ಸಂಘಮಿತ್ರಳದ್ದು. ನಂದಗುಡಿಯ ಹುಡುಗಿ, ಇಪ್ಪತ್ತಾರು ವರ್ಷ. ಅವಳು ಬರುವುದು ಒಂಬತ್ತಕ್ಕೆ. ಪಿಳ್ಳಮ್ಮ ಮನೆಗೆ ಹೊರಡುವುದು ಎಂಟೂವರೆಗೆ.

ಎರಡನೇ ವಾರ ಸಂಘಮಿತ್ರ ಮೂರೂ ಪೆಟ್ಟಿಗೆಗಳ ಗೆರೆಗಳನ್ನು ಒಂದರ ಕೆಳಗೊಂದು ಇಟ್ಟು ನೋಡಿದಳು. ಮೂರನೇ ಕಂಪ್ರೆಸರು ಒಂಬತ್ತು ದಿನದಿಂದ ನಿಂತಿತ್ತು, ಅದರ ಗೆರೆ ನೆಟ್ಟಗಿರಬೇಕು. ಬೂದು ಪೆಟ್ಟಿಗೆಯದು ನೆಟ್ಟಗೇ ಇತ್ತು. ನೀಲಿಯದರಲ್ಲಿ ದಿನಾ ಬೆಳಗಿನ ಐದೂ ನಲವತ್ತಕ್ಕೆ ಗೆರೆ ಒಮ್ಮೆ ಸಣ್ಣಗೆ ಬೆಚ್ಚಿತ್ತು. ಒಂಬತ್ತು ದಿನ, ಒಂಬತ್ತು ಸಲ. ಬಿಳಿಯದರ ಗೆರೆ ನೆಟ್ಟಗಿದ್ದರೂ ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದಿತ್ತು: ತಪ್ಪು ಸಂಕೇತ, ಅಳಿಸಲಾಗಿದೆ.

ಅವಳು ನಂದೀಶನಿಗೆ ಫೋನು ಮಾಡಿದಳು. "ಬೆಳಗಿನ ಜಾವ ಯಾರಾದ್ರೂ ಮೂರನ್ನ ಚಾಲೂ ಮಾಡ್ತಿದ್ದೀರಾ?"

"ಇಲ್ಲ ಮೇಡಂ. ಸ್ವಿಚ್ಚು ಯಾರೂ ಮುಟ್ಟಿಲ್ಲ."

ಅವನು ಹೇಳಿದ್ದು ನಿಜವೇ. ಪಿಳ್ಳಮ್ಮ ಚಾಲೂ ಮಾಡುವುದಿಲ್ಲವಲ್ಲ, ಒರೆಸುತ್ತಾರೆ, ತಿರುಗಿಸುತ್ತಾರೆ. ಅದನ್ನು ಯಂತ್ರದ ಕೆಲಸವೆಂದು ಅವನೂ ಎಣಿಸಿರಲಿಲ್ಲ. ಫೋನಿಟ್ಟ ಮೇಲೆ ಮೂಟೆ ಹೊರುವವರ ಮುಂದೆ ನಗುತ್ತ ಅಂದುಬಿಟ್ಟ: "ಕರೆಂಟಿಲ್ದೆ ಮೂರನೇದು ಬೆಳಗಿನ ಜಾವ ಅಲ್ಲಾಡ್ತದಂತೆ ಗುರು. ನಮ್ ದೊಡ್ಡಮುನಿಯಪ್ಪ ಇನ್ನೂ ಡ್ಯೂಟಿ ಬಿಟ್ಟಿಲ್ಲ."

ಮಾತು ಮಧ್ಯಾಹ್ನದೊಳಗೆ ಗೇಟಿನವರೆಗೆ ಹೋಯಿತು, ಸಂಜೆಗೆ ಊರು ಮುಟ್ಟಿತು. ಪಿಳ್ಳಮ್ಮನ ಕಿವಿಗೆ ಬಿದ್ದಾಗ ಅವರು ನಗಲಿಲ್ಲ. ಬೆಳಗಿನ ಜಾವ ಆ ಯಂತ್ರದ ಮುಂದೆ ದಿನಾ ಇರುವವರು ತಾವೇ; ಆ ಅಲ್ಲಾಟ ತಮ್ಮ ಕಾಲು ಸುತ್ತೇ ಎಂದು ಅವರಿಗೂ ಹೊಳೆಯಲಿಲ್ಲ. "ನಾನು ಎದುರಿಗಿದ್ದಾಗ್ಲೇ ಬಂದು ಅಲ್ಲಾಡ್ಸಿ ಹೋಗ್ತಾರಾ ಅಂತ ಮೈ ಜುಂ ಅಂತು" ಎನ್ನುತ್ತಾರೆ. ಮರುದಿನ ದೊಡ್ಡಮುನಿಯಪ್ಪ ಸೇದುತ್ತಿದ್ದಂಥ ಒಂದು ಬೀಡಿ ತಂದು, ಹಚ್ಚದೆ, ಚಕ್ರದ ಪಕ್ಕದ ಕಟ್ಟೆಯ ಮೇಲಿಟ್ಟರು. ಅದರ ಮರುದಿನವೂ ಅದು ಅಲ್ಲೇ ಇತ್ತು, ಮಂಜಿಗೆ ಮೆತ್ತಗಾಗಿ.

ಅವರು ಹೆದರಲು ಇನ್ನೊಂದು ಕಾರಣವಿತ್ತು. ಅದನ್ನು ಅವರು ನಂದೀಶನಿಗೆ ಮಾತ್ರ ಹೇಳಿದ್ದರು. ಎಂದಿನಂತೆ ಒರೆಸುವಾಗ ಮೂರನೆಯದರ ಹೊಟ್ಟೆಗೆ ಕೈ ತಗುಲಿತ್ತು. ಹತ್ತು ದಿನದಿಂದ ನಿಂತ ಕಬ್ಬಿಣ ಆ ಚಳಿಯಲ್ಲಿ ಕೈ ಕೊರೆಯಬೇಕು. ಅದು ಬೆಚ್ಚಗಿತ್ತು. ಬಿಸಿಯಲ್ಲ, ಆಗತಾನೆ ಎದ್ದುಹೋದವರ ಹಾಸಿಗೆಯಷ್ಟು.

"ನಂದೀಶಾ, ಇದು ಬೆಚ್ಚಗೈತೆ ಕಣೋ."

"ನಿನ್ ಕೈಗೇ ಜ್ವರ ಬಂದೈತೆ, ಹೋಗಮ್ಮ. ಒಂದು ಮಾತ್ರೆ ನುಂಗು."

ಮೂರು ದಿನ ಹೀಗೇ ಬೆಚ್ಚಗಿತ್ತು. ಮೂರು ದಿನವೂ ಪಿಳ್ಳಮ್ಮ ಕೂಗಿದರು, ನಂದೀಶ್ ಓಗೊಟ್ಟ, ಅವರು ಕಣ್ಣು ಮುಚ್ಚಿಕೊಂಡು ಕಾಲು ಸುತ್ತು ತಿರುಗಿಸಿದರು. ಬಿಟ್ಟುಬಿಡಬಹುದಿತ್ತಲ್ಲ ಎಂದರೆ, "ಬುಟ್ರೆ ಗುಳಿ ಬೀಳ್ತದಲ್ಲ" ಎಂಬ ಉತ್ತರ.

ನಾಲ್ಕನೆಯ ಬೆಳಿಗ್ಗೆ ಸಂಘಮಿತ್ರ ಯಾರಿಗೂ ಹೇಳದೆ ಐದೂವರೆಗೆ ಬಂದಳು. ನಿಂತ ಯಂತ್ರ ಅಲ್ಲಾಡುವುದನ್ನು ಅವಳು ಕಣ್ಣಾರೆ ನೋಡಬೇಕಿತ್ತು. ಹಿಂಬಾಗಿಲ ಹತ್ತಿರ ಮಂಜಿನಲ್ಲಿ ನಿಂತಳು. ಒಳಗೆ ಒಬ್ಬ ಹೆಂಗಸು ಬರಿಗಾಲಲ್ಲಿ ಒಂದೊಂದೇ ಯಂತ್ರಕ್ಕೆ ಕೈಯೊತ್ತಿ ತುಟಿ ಅಲ್ಲಾಡಿಸುತ್ತಿರುವುದು ಕಂಡಿತು. ಮಂತ್ರ ಹೇಳುತ್ತಿದ್ದಾರೆಂದೇ ಅವಳು ತಿಳಿದಳಂತೆ. ಆಮೇಲೆ ಆ ಹೆಂಗಸು ಮೂರನೆಯದರ ಜಾಲರಿ ತೆಗೆದರು, ಕೂಗಿದರು. ಗಾಜಿನಾಚೆಯಿಂದ ಉತ್ತರವೂ ಬಂತು.

ಪಿಳ್ಳಮ್ಮನ ಬಲಗೈಯಲ್ಲಿ ಒರೆಸುವ ಬಟ್ಟೆಯಿತ್ತು. ಎಡಗೈ ಯಂತ್ರದ ಹೊಟ್ಟೆಯ ಮೇಲಿತ್ತು. ಹಿಂದಿನ ದಿನಕ್ಕಿಂತ ಬಿಸಿ ಎಂದು ಆ ಕೈಗೆ ಅನಿಸಿತು. ಒಂದು ಗಳಿಗೆ ತಡೆದರು. ಆ ತಡೆದ ಗಳಿಗೆಯಲ್ಲೇ ಯಂತ್ರದ ಒಳಗೆಲ್ಲೋ 'ಟಿಕ್' ಅಂದಿತು. ಹದಿನೇಳು ವರ್ಷದಲ್ಲಿ ಮಲಗಿದ ಯಂತ್ರದಿಂದ ಅವರು ಆ ಸದ್ದು ಕೇಳಿರಲಿಲ್ಲ. ಕೈ ಎಳೆದುಕೊಂಡರು.

ಚಕ್ರ ತಿರುಗಿತು. ಬಟ್ಟೆಯ ತುದಿ ಅದಕ್ಕೆ ಸಿಕ್ಕಿತು. ಬೆರಳಿನಿಂದ ಕಿತ್ತುಕೊಂಡು ಹೋಗಿ, ಬೆಲ್ಟಿನ ಅಡಿ ನುಗ್ಗಿ, ಚೂರುಚೂರಾಗಿ ಗೋಡೆಗೆ ಬಡಿಯಿತು. ಗಾಜಿನಾಚೆ ನಂದೀಶ್ ಎರಡೂ ಕೈ ಮೇಲೆತ್ತಿ ಎದ್ದು ನಿಂತಿದ್ದ, ನಾನಲ್ಲ ನಾನಲ್ಲ ಎನ್ನುವಂತೆ. ಸ್ವಿಚ್ಚಿನ ಬಳಿ ಯಾರೂ ಇರಲಿಲ್ಲ. ಯಂತ್ರ ಓಡುತ್ತಲೇ ಇತ್ತು.

ಕೆಂಪು ಗುಂಡಿ ಗುದ್ದಿ ನಿಲ್ಲಿಸಿದವಳು ಸಂಘಮಿತ್ರ.

ಒಂಬತ್ತು ಗಂಟೆಗೆ ವಿಷಯ ತಿಳಿಯಿತು. ಯಾರೂ ಗುಂಡಿ ಒತ್ತಿರಲಿಲ್ಲ. ಬೆಂಗಳೂರಿನ ಕಂಪನಿಯಲ್ಲೂ ಇಲ್ಲ, ಹೊಸಕೋಟೆಯ ಮಾಲೀಕರ ಮನೆಯಲ್ಲೂ ಇಲ್ಲ. ಬಿಳಿ ಪೆಟ್ಟಿಗೆಯವರು ಪರೀಕ್ಷೆಗೆಂದು ಅದಕ್ಕೆ ತಾನಾಗಿಯೇ ನಡೆಯುವ ಅಪ್ಪಣೆ ಕೊಟ್ಟು, ಇಲ್ಲಿ ಯಾರಿಗೂ ಹೇಳಿರಲಿಲ್ಲ. ಮೂರನೆಯದು ಯಾವಾಗಲಾದರೂ ಬೇಕಾದೀತೆಂದು ಪೆಟ್ಟಿಗೆ ಮೂರು ದಿನದಿಂದ ಅದರ ಎಣ್ಣೆಯನ್ನು ಬೆಚ್ಚಗಿಟ್ಟಿತ್ತು. ಆ ಬೆಳಿಗ್ಗೆ ಲಾರಿಗೆ ಮೂಟೆ ತುಂಬಲು ಬಾಗಿಲು ತೆರೆದಿದ್ದರು, ಒಳಗಿನ ಬಿಸಿ ಅರ್ಧ ಡಿಗ್ರಿ ಏರಿತು, ಪೆಟ್ಟಿಗೆ ಮೂರನೆಯದನ್ನು ಎಬ್ಬಿಸಿತು. ಅದರ ಲೆಕ್ಕದಲ್ಲಿ ಆ ಹೊತ್ತು ಅಲ್ಲಿ ಯಾರೂ ಇರಲಿಲ್ಲ. ಇದ್ದವರ ಗುರುತನ್ನು ಅದು ದಿನಾ ಅಳಿಸಿತ್ತು.

ಇಷ್ಟಾದರೂ ವೆಂಕಟರಮಣಪ್ಪನವರಿಗೆ ಬಿಳಿಯದರ ಮೇಲೆಯೇ ಮನಸ್ಸು. ಕಂಪನಿಯವರು ಬಂದು ತಪ್ಪಾಯಿತೆಂದರು, ಇನ್ನು ಮುಂದೆ ತಾನಾಗಿ ಚಾಲೂ ಆಗದು, ಫೋನಿನಲ್ಲಿ ನೀವು ಒತ್ತಿದರೆ ಮಾತ್ರ ಎಂದರು. ಸಂಘಮಿತ್ರ ಬೇಡವೆಂದಳು. ಮಾಲೀಕರು, "ನಾನೇನು ಅರಿಯದ ಮಗೂನಾ, ನೋಡ್ಕೊಂಡು ಒತ್ತಲ್ವಾ?" ಎಂದು ರೇಗಿದರು. ಪಿಳ್ಳಮ್ಮನನ್ನು ಕರೆಸಿ ಎಂದದ್ದು ಅವಳೇ. ಹದಿನೇಳು ವರ್ಷದಲ್ಲಿ ಪಿಳ್ಳಮ್ಮ ಆಫೀಸಿನೊಳಗೆ ಕಾಲಿಟ್ಟದ್ದು, ನೆಲ ಒರೆಸಲು ಬಂದದ್ದು ಬಿಟ್ಟರೆ, ಅದೇ ಮೊದಲು.

"ಏನಮ್ಮಾ, ಏನು ನಿನ್ ತಕರಾರು?"

"ತಕರಾರಿಲ್ಲ ಸಾಮಿ. ನೋಡೋದಾದ್ರೆ ಎಷ್ಟು ಬೇಕಾದ್ರೂ ನೋಡ್ಲಿ. ಮುಟ್ಟೋದಾದ್ರೆ ನಾನು ಕೂಗ್ದಾಗ ಓ ಅನ್ಬೇಕು."

"ಫೋನು ಓ ಅಂತದಾ? ನಾನು ಹುಷಾರಾಗಿರ್ತೀನಿ ಬಿಡು."

ಪಿಳ್ಳಮ್ಮ ಅವರ ಕೈಯಲ್ಲಿದ್ದ ಫೋನಿನತ್ತ ನೋಡಿದರು. ಆಮೇಲೆ ಅಂದರು: "ಅಂಗಾದ್ರೆ ನಾಳೆ ಒಂದಿನ ನೀವು ಬಂದು ಚಕ್ರ ತಿರುಗ್ಸಿ ಸಾಮಿ. ಮನೇಲಿ ಕೂತ್ಕೊಂಡು ಆ ಫೋನು ನಾನು ಇಟ್ಕೊಂಡಿರ್ತೀನಿ. ನಾನೂ ಹುಷಾರಾಗೇ ಇರ್ತೀನಿ."

ವೆಂಕಟರಮಣಪ್ಪನವರು ಎದ್ದು ಯಂತ್ರದ ಕೋಣೆಗೆ ಹೋದರು. ಮೂರನೆಯದರ ಜಾಲರಿ ತಾವೇ ತೆಗೆದು, ಚಕ್ರದ ಕಡೆಗೆ ಬಾಗಿದರು. ಗೋಡೆಗೆ ಇನ್ನೂ ಬಟ್ಟೆಯ ಎಳೆಗಳು ಅಂಟಿದ್ದವು. ಕೈಯನ್ನು ಒಂದಷ್ಟು ಚಾಚಿ, ಅಲ್ಲೇ ನಿಲ್ಲಿಸಿ, ವಾಪಸು ಜೇಬಿಗೆ ಹಾಕಿಕೊಂಡರು.

"ಆ ನೀಲೀದನ್ನೇ ಇಟ್ಕೊಳ್ಳಿ" ಎಂದು ಹೊರಟುಹೋದರು.

ನೀಲಿ ಪೆಟ್ಟಿಗೆ ನೋಡುತ್ತದೆ, ಮುಟ್ಟುವುದಿಲ್ಲ. ಈಗ ಅದರ ಪುಟ್ಟ ಹಸಿರು ದೀಪ ಮೂರನೇ ಕಂಪ್ರೆಸರಿನ ನೆತ್ತಿಯ ಮೇಲೆ ಹಗಲೂ ರಾತ್ರಿ ಮಿಟುಕುತ್ತದೆ. ಹಾಜರಿ ಪುಸ್ತಕದಲ್ಲಿ 'ಸ್ವಚ್ಛತೆ'ಯನ್ನು ಹೊಡೆದು ಸಂಘಮಿತ್ರ 'ಯಂತ್ರ ಪಾಲನೆ' ಎಂದು ಬರೆದಿದ್ದಾಳೆ. ಅದನ್ನು ಹೇಳಿದರೆ ಪಿಳ್ಳಮ್ಮ, "ಒರ್ಸೋದು ಒರ್ಸ್ಲೇಬೇಕಲ್ಲ ತಾಯಿ" ಎಂದು ಬಟ್ಟೆ ಹಿಂಡುತ್ತಾರೆ.

ಅವರಿಗೆ ಬೇಕಾಗಿದ್ದದ್ದು ಬೇರೆ. ಆ ದೀಪದಾಚೆ, ಬೆಂಗಳೂರಿನ ಯಾವುದೋ ಕಟ್ಟಡದಲ್ಲಿ, ತಮ್ಮನ್ನು ನೋಡುತ್ತ ಯಾರೋ ಕೂತಿರುತ್ತಾರೆಂದು ಅವರು ತಿಳಿದಿದ್ದರು. ನಂದೀಶನಿಗೆ ಕೂಗಿದ ಮೇಲೆ ಅತ್ತಲೂ ತಿರುಗಿ, "ಕೈ ಹಾಕ್ತೀನಿ ಕಣಪ್ಪಾ" ಎಂದು ಮೆಲ್ಲಗೆ ಹೇಳುತ್ತಿದ್ದರು. ಒಂದು ದಿನ ಸಂಘಮಿತ್ರಳನ್ನು ತಡೆದು ಕೇಳಿದರು: "ಪಾಪ, ಇಷ್ಟೊತ್ಗೇ ನಿದ್ದೆಗೆಟ್ಟು ಕೂತಿರ್ತಾನೆ. ಅವನ ಹೆಸ್ರೊಂದು ಕೇಳ್ಕೊಂಡು ಬಾ ತಾಯಿ. ಹೆಸ್ರು ಗೊತ್ತಿಲ್ದೆ ಎಂಗೆ ಕೂಗೋದು?"

ಸಂಘಮಿತ್ರ ಕಂಪನಿಗೆ ಫೋನು ಮಾಡಿ ವಿಚಾರಿಸಿದಳು. ಮರುದಿನ ಬೆಳಿಗ್ಗೆ ಐದೂ ನಲವತ್ತಕ್ಕೆ ಬಂದು, ಜಾಲರಿಯ ಪಕ್ಕ ನಿಂತು ಹೇಳಿದಳು. ಅಲ್ಲಿ ಹತ್ತು ಗಂಟೆಗೆ ಮೊದಲು ಯಾರೂ ಬರುವುದಿಲ್ಲ. ಈ ಹೊತ್ತಿನಲ್ಲಿ ಆ ಕೋಣೆಗೆ ಬೀಗ ಹಾಕಿರುತ್ತದೆ. ಪರದೆಗಳು ಕತ್ತಲಲ್ಲಿ ತಮ್ಮಷ್ಟಕ್ಕೆ ಉರಿಯುತ್ತಿರುತ್ತವೆ.

ಪಿಳ್ಳಮ್ಮ ಹಸಿರು ದೀಪದತ್ತ ತಿರುಗಿದರು.

"ಯಾರೂ ಇಲ್ವಾ?"

"ಯಾರೂ ಇಲ್ಲಮ್ಮ."

"ಸರಿ ಬುಡು" ಎಂದರು ಪಿಳ್ಳಮ್ಮ, ಸೆರಗನ್ನು ಸೊಂಟಕ್ಕೆ ಬಿಗಿದುಕೊಳ್ಳುತ್ತ. "ನಾನಿದೀನಲ್ಲ."