ಮುರ್ತುಜಸಾಬ ಹೇಳಿ ಕಳಿಸಿದ ಕಟಿಂಗ್

ಕೆರೂರಿನ ಬಸ್‌ಸ್ಟ್ಯಾಂಡಿನ ಎದುರಿಗೆ ಮುರ್ತುಜಸಾಬನ ಫೋಟೋ ಸ್ಟುಡಿಯೊ ಇತ್ತು. ಮುಂದೆ ಯಾರೇ ನಿಲ್ಲಲಿ, ಮದುಮಗನಿರಲಿ, ಮಾಸ್ತರನಿರಲಿ, ಆತನ ಮೊದಲ ಮಾತು ಒಂದೇ: "ಕಟಿಂಗ್ ಮುಗಿಸ್ಕೊಂಡು ಬರ್ರಿ." ತಲೆ ಕೆದರಿಕೊಂಡು ಬಂದವರನ್ನು ಕ್ಯಾಮೆರಾದ ಹತ್ತಿರವೂ ಬಿಟ್ಟುಕೊಳ್ಳುತ್ತಿರಲಿಲ್ಲ. ಪಕ್ಕದ ಕ್ಷೌರದಂಗಡಿಯವನು ಆ ಒಂದು ಮಾತಿನ ಮೇಲೆಯೇ ಮನೆ ಕಟ್ಟಿಸಿದ ಎಂದು ಜನ ನಗುತ್ತಿದ್ದರು. ಬಾಯಿಚಟ ಅಂದರೆ ಅಂಥದ್ದು, ನಿದ್ದೆಗಣ್ಣಿನಲ್ಲಿ ಕೇಳಿದರೂ ಅದೇ ಬರಬೇಕು.

ಬಾದಾಮಿಯ ಆಚೆ, ಮಲಪ್ರಭೆಯ ದಂಡೆಯಲ್ಲಿ ಅಂದಪ್ಪನ ದ್ರಾಕ್ಷಿ ತೋಟ. ಅಂದಪ್ಪನ ಅಜ್ಜ ಹಚ್ಚಿದ ಬಳ್ಳಿಗಳು. ಒಂದೊಂದರ ಬೊಡ್ಡೆ ತೊಡೆಗಾತ್ರ. ಮುರ್ತುಜನ ತಾಯಿ ಗುಲಾಬಬಿ ಅಲ್ಲಿ ಹಣ್ಣು ಬಿಡಿಸುವ ಕೆಲಸಕ್ಕಿದ್ದಳು. ಆಕೆ ತೀರಿಕೊಂಡಾಗ ಇವನಿಗೆ ಆರು ವರ್ಷ. ಅಂದಪ್ಪನ ತಾಯಿ ಗುರುಸಿದ್ದವ್ವ ತನ್ನ ಮಕ್ಕಳ ಸಾಲಿನಲ್ಲೇ ಕೂಡ್ರಿಸಿ, ರೊಟ್ಟಿ ಹಾಕಿ ಬೆಳೆಸಿದಳು. ಅಂದಿನಿಂದ ಅಂದಪ್ಪ ಇವನಿಗೆ ಅಣ್ಣ, ತೋಟ ಇವನಿಗೆ ತವರು. ಗಂಡಸಿಗೆಂಥ ತವರು ಎನ್ನಬೇಡಿ, ಇವನಿಗಿತ್ತು.

ಎಂಬತ್ತನಾಲ್ಕರ ಅಕ್ಟೋಬರಿನಲ್ಲಿ ಕಾಲುವೆಯ ಸರ್ವೆಗೆ ಹೆಲಿಕಾಪ್ಟರ್ ಬಂತು. ನಕ್ಷೆಯ ಕೆಂಪು ಗೆರೆ ನೆಟ್ಟಗೆ ಅಂದಪ್ಪನ ತೋಟದ ನಡುವೆ ಹಾದಿತ್ತು. ಸರಕಾರಿ ದಫ್ತರದಲ್ಲಿ ಅದು ಇನ್ನೂ ಜೋಳದ ಹೊಲ! ಅಜ್ಜನ ಕಾಲದಿಂದ ತಿದ್ದುವ ಪುಣ್ಯಾತ್ಮ ಒಬ್ಬನೂ ಹುಟ್ಟಿರಲಿಲ್ಲ. ಅಂದಪ್ಪ ಕಚೇರಿಗೆ ಅಲೆದು ಅಲೆದು ಚಪ್ಪಲಿ ಸವೆಸಿದ ಮೇಲೆ ದೊಡ್ಡ ಸಾಹೇಬರು ಅಂದರು: "ಮೇಲಿನಿಂದ ಫೋಟೋ ತೆಗೆಸುತ್ತೇವೆ. ಹಸಿರು ತೋಟ ಕಂಡರೆ ಕಾಲುವೆಯನ್ನು ತೋಟದ ಆಚೆಯಿಂದ ಸುತ್ತಿಸಿ ಒಯ್ಯುತ್ತೇವೆ. ಖಾಲಿ ಕಂಡರೆ ಇಲ್ಲ."

ದೇವರ ಆಟ ನೋಡಿ, ಸರ್ವೆಯವರ ಫೋಟೋಗ್ರಾಫರ್ ಜ್ವರ ಬಂದು ಮಲಗಿದ. ಬೇರೊಬ್ಬನನ್ನು ಹುಡುಕಿದಾಗ ಸಿಕ್ಕವನು ನಮ್ಮ ಮುರ್ತುಜ. ಅವನ ಕಾಲು ನೆಲಕ್ಕೆ ನಿಲ್ಲಲಿಲ್ಲ. ಗುರುವಾರವೇ ಬಸ್ ಕಂಡಕ್ಟರ್ ಹುಲ್ಲಪ್ಪನ ಕೈಯಲ್ಲಿ ಹೇಳಿ ಕಳಿಸಿದ: "ಸೋಮಾರ ಮ್ಯಾಲಿಂದ ಫೋಟೋ ತೆಗ್ಯಾಂವ ನಾನ ಅಂತ ಅಣ್ಣಗ ಹೇಳು. ಕಟಿಂಗ್ ಮುಗಿಸಿ ತಯಾರ ಇರ್ರಿ ಅನ್ನು."

ಸೋಮವಾರ ಹೆಲಿಕಾಪ್ಟರ್ ಮುರ್ತುಜನನ್ನು ಕೂಡ್ರಿಸಿಕೊಂಡು ಏರಿತು. ಬಾದಾಮಿಯ ಕೆಂಪು ಗುಡ್ಡ ದಾಟಿತು. ಹೊಳೆಯ ಬಾಗು ಸಿಕ್ಕಿತು, ಬಾವಿ ಸಿಕ್ಕಿತು, ಬೇವಿನ ಮರ ಸಿಕ್ಕಿತು. ತೋಟ ಎಲ್ಲಿ? ಬೇವಿನ ಸುತ್ತ ಬೋಳು ನೆಲ, ಸಾಲು ಸಾಲು ಕಲ್ಲುಕಂಬ, ಒಣಕಟ್ಟಿಗೆಯಂಥ ಬಳ್ಳಿ. ಒಂದೆಲೆ ಇಲ್ಲ. ಮರದ ಕೆಳಗೆ ಅಂದಪ್ಪ ತಲೆಗೆ ಪಟಗ ಸುತ್ತಿಕೊಂಡು, ಅವನ ಹೆಂಡತಿ ಬಸಲಿಂಗವ್ವ ಇಳಕಲ್ ಸೀರೆ ಉಟ್ಟುಕೊಂಡು, ಇಬ್ಬರೂ ಮೇಲೆ ನೋಡಿ ಕೈ ಬೀಸುತ್ತಿದ್ದರು.

"ಯಾ ಅಲ್ಲಾ!" ಎಂದ ಮುರ್ತುಜ. ಬೆರಳು ಗುಂಡಿ ಒತ್ತಲೊಲ್ಲದು. ಪಕ್ಕದಲ್ಲಿದ್ದ ದೊಡ್ಡ ಸಾಹೇಬರು ಭುಜ ತಟ್ಟಿ, "ತೆಗೀರಿ, ತೆಗೀರಿ" ಎಂದರು. ಒತ್ತಿದ. ಒತ್ತದಿದ್ದರೂ ಅವರ ಕಣ್ಣಿಗೆ ಕಂಡಾಗಿತ್ತು.

ಇಳಿದವನೇ ಬಸ್ಸು ಹಿಡಿದು ತೋಟಕ್ಕೆ ಹೋದ. "ಅಣ್ಣಾ, ತ್ವಾಟಕ್ಕ ಏನಾತೋ? ಯಾರ್ ಕಡದ್ರೋ?"

ಅಂದಪ್ಪ ನಕ್ಕ. "ನಾವ ಕಡದ್ವಿ. ಕಟಿಂಗ್ ಮುಗಿಸಿ ತಯಾರ ಇರ್ರಿ ಅಂತ ನೀನ ಹೇಳಿ ಕಳಿಸಿದ್ದೆಲ್ಲೋ! ಸಾಹೇಬ್ರು ಹಸರ ಕಾಣಬೇಕು ಅಂದಿದ್ರು, ಆದ್ರ ಫೋಟೋದ ವಿದ್ಯಾ ನಿನಗ ಗೊತ್ತ ಅಂತ ನಿನ್ನ ಮಾತ ನಂಬಿದ್ವಿ. ಆಳು ಹಚ್ಚಿ ಮೂರ ದಿವ್ಸದಾಗ ಮುಗಿಸೇವಿ. ಒಂದ ಎಲಿ ಸೈತ ಬಿಟ್ಟಿಲ್ಲ. ಚಂದ ಬಂದೈತಿಲ್ಲೋ ಫೋಟೋ?"

ದ್ರಾಕ್ಷಿಯವರಿಗೆ ಅಕ್ಟೋಬರಿನ ಕಟಿಂಗ್ ಎಂದರೆ ಬಳ್ಳಿ ಬೋಳಿಸುವುದು. ಹಾಗೆ ಬೋಳಿಸಿದರೇ ಮುಂದೆ ಹಣ್ಣು. ಆ ತೋಟದಲ್ಲೇ ಬೆಳೆದವನಿಗೆ ಇದು ಗೊತ್ತಿಲ್ಲವೇ? ಗೊತ್ತಿತ್ತು. ಬಾಯಿಚಟ ಮುಂದೆ ಓಡಿತ್ತು, ಬುದ್ಧಿ ಹಿಂದೆ ಉಳಿದಿತ್ತು.

"ನಿನ್ನ ತಲೀದೋ ಅಣ್ಣಾ!" ಎಂದು ಎದೆ ಬಡಿದುಕೊಂಡ. "ನಾ ಹೇಳಿದ್ದು ನಿನ್ನ ತಲಿ ಕಟಿಂಗೋ!"

ಅಂದಪ್ಪನ ನಗು ಅಲ್ಲೇ ನಿಂತಿತು.

ಮರುದಿನ ಮುರ್ತುಜ ಸಾಹೇಬರ ಕಾಲು ಹಿಡಿದ. "ಹದಿನೈದ ದಿವ್ಸ ತಡೀರಿ ಸಾಹೇಬ್ರ, ಚಿಗರ್ತಾವ್ರಿ. ಇದು ಸತ್ತ ತ್ವಾಟ ಅಲ್ರಿ."

"ಫೋಟೋ ತೆಗೆದವರು ನೀವೇ ಅಲ್ಲವೇನ್ರಿ?" ಎಂದರು ಸಾಹೇಬರು. ನಕ್ಷೆ ಅಂದೇ ಮೇಲಿನ ಕಚೇರಿಗೆ ಹೋಯಿತು.

ಹೇಳಿದಂತೆಯೇ ಹದಿನೈದು ದಿನಕ್ಕೆ ತೋಟವೆಲ್ಲ ಎಳೆ ಹಸಿರಾಯಿತು. ಅಷ್ಟರಲ್ಲಿ ಕಾಲುವೆಯ ಗುರುತಿಗೆ ಸುಣ್ಣ ಬಳಿದ ಕಲ್ಲುಗಳು ಬಳ್ಳಿಗಳ ನಡುವೆ ಕುಳಿತಿದ್ದವು. ಮುರ್ತುಜ ಕ್ಯಾಮೆರಾ ಹಿಡಿದುಕೊಂಡು ಹೋದ. ಯಾಕೆ ಎಂದು ಅವನಿಗೇ ಗೊತ್ತಿರಲಿಲ್ಲ. ಅಂದಪ್ಪ ಬೇವಿನ ಕೆಳಗೆ ಕುಳಿತಿದ್ದ. ಗಡ್ಡ ಬೆಳೆದಿತ್ತು, ತಲೆ ಕೆದರಿತ್ತು. ಇವನನ್ನು ನೋಡಿ ಬಯ್ಯಲಿಲ್ಲ. ಬೈದಿದ್ದರೆ ಎಷ್ಟೋ ಚಲೋ ಇತ್ತು.

"ತೆಗಿಯಪಾ, ಹಸರೈತಿ ಈಗ," ಎಂದ. "ನಾ ಕಟಿಂಗ್ ಮಾಡ್ಸಿಲ್ಲ. ನಡೀತೈತೇನು?"

ಮುರ್ತುಜ ಬೆನ್ನು ತಿರುಗಿಸಿ ನಿಂತು ಬಿಕ್ಕಿ ಬಿಕ್ಕಿ ಅತ್ತ. ಅತ್ತಾದ ಮೇಲೆ ಕಣ್ಣೊರೆಸಿಕೊಂಡು, ಅಣ್ಣ ಹೇಗಿದ್ದನೋ ಹಾಗೆಯೇ ಫೋಟೋ ತೆಗೆದ.