ಶನಿವಾರದ ಫೋನು

ಈಗಿನ ಫೋನುಗಳು ಹಾಡುತ್ತವೆ, ನಡುಗುತ್ತವೆ, ಚಿಲಿಪಿಲಿ ಅನ್ನುತ್ತವೆ. ಟ್ರಿಣ್ ಟ್ರಿಣ್ ಎಂದು ಗದರುವ ಹಳೆಯ ಗಂಟೆ ಕಿವಿಗೆ ಬೀಳುವುದೇ ಅಪರೂಪ. ಮೊನ್ನೆ ಟ್ರೈನಿನಲ್ಲಿ ನನ್ನ ಪಕ್ಕ ಕೂತ ಯುವತಿಯೊಬ್ಬಳು ತಮಾಷೆಗೆಂದೋ ಏನೋ ಆ ಗಂಟೆಯನ್ನೇ ತನ್ನ ಮೊಬೈಲಿಗೆ ಹಾಕಿಕೊಂಡಿದ್ದಳು. ಅದು ಬಡಿದುಕೊಳ್ಳತೊಡಗಿದ್ದೇ ತಡ, ನನ್ನ ಎರಡೂ ಕೈಗಳು ತಾವಾಗಿಯೇ ತೊಡೆಯ ಕೆಳಗೆ ಸೇರಿಕೊಂಡವು. ಅವಳು ಚೀಲದಲ್ಲಿ ತಡಕಾಡುತ್ತಿದ್ದಳು, ಫೋನು ಸಿಗುತ್ತಿರಲಿಲ್ಲ. ನಾನು ರಿಂಗುಗಳನ್ನು ಎಣಿಸುತ್ತಿದ್ದೆ. ಆರನೆಯದಕ್ಕೆ ನನ್ನ ಬಾಯಿಂದ "ಎತ್ತಮ್ಮಾ, ಬೇಗ ಎತ್ತು" ಎಂದು ಕನ್ನಡವೇ ಹೊರಬಿತ್ತು. ಅವಳು ಬೆದರಿ ನನ್ನನ್ನು ನೋಡಿದಳು. ಹತ್ತು ವರ್ಷದ ಹುಡುಗಿಯಾಗಿದ್ದಾಗ ನಾನು ಎತ್ತದೆ ಬಿಟ್ಟ ಫೋನೊಂದು ಇನ್ನೂ ನನ್ನೊಳಗೆ ರಿಂಗಾಗುತ್ತಿದೆ ಎಂದು ಅಪರಿಚಿತಳಿಗೆ ಹೇಗೆ ಹೇಳುವುದು? ಕ್ಷಮಿಸಿ ಎಂದು ಕಿಟಕಿಯತ್ತ ತಿರುಗಿಕೊಂಡೆ.

ಆಗ ನಾವು ಫೋರ್ಟ್ ಲೀಯ ಎತ್ತರದ ಕಟ್ಟಡವೊಂದರ ಒಂಬತ್ತನೆಯ ಮಹಡಿಯಲ್ಲಿದ್ದೆವು. ನಮ್ಮ ಕಿಟಕಿಗೆ ಸೇತುವೆ, ನದಿ, ಆಚೆ ದಡದ ಮ್ಯಾನ್‌ಹಟನ್ ಎಲ್ಲವೂ ಕಾಣುತ್ತಿದ್ದವು. ಎದುರು ಬಾಗಿಲಿನ ಅಡ್ಲರ್ ಅಜ್ಜಿಯ ಕಿಟಕಿಗೆ ಪಕ್ಕದ ಕಟ್ಟಡದ ಇಟ್ಟಿಗೆ ಗೋಡೆ ಮಾತ್ರ. ಹಾಗಾಗಿ ಅವರ ಮನೆಯಲ್ಲಿ ಹಗಲಲ್ಲೂ ಮಬ್ಬು. ಬಾಗಿಲು ತೆರೆದರೆ ಚಕ್ಕೆ ಹಾಕಿ ಬೇಯಿಸಿದ ಸೇಬಿನ ವಾಸನೆ, ಹಳೆಯ ಪುಸ್ತಕಗಳ ವಾಸನೆ, ಮಂಡಿನೋವಿಗೆ ಹಚ್ಚಿಕೊಂಡ ಮುಲಾಮಿನ ವಾಸನೆ. ಗಂಡ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಯಹೂದಿ ಮಕ್ಕಳಿಗೆ ಅವರ ಚರಿತ್ರೆಯನ್ನು ಕಲಿಸುವ ಶಾಲೆಯಲ್ಲಿ ಟೀಚರಾಗಿದ್ದು ನಿವೃತ್ತರಾದವರು. ಅವರ ಪರಿಚಯವಾದದ್ದು ಲಿಫ್ಟಿನ ಮುಂದೆ. ಒಂದು ಶನಿವಾರ ಗುಂಡಿ ಒತ್ತದೆ ಸುಮ್ಮನೆ ನಿಂತಿದ್ದರು. ಸಬ್ಬತ್ ದಿನ, ಅಂದರೆ ಶುಕ್ರವಾರ ಸೂರ್ಯ ಮುಳುಗಿದಾಗಿನಿಂದ ಶನಿವಾರ ನಕ್ಷತ್ರ ಮೂಡುವವರೆಗೆ, ಸ್ವಿಚ್ಚು, ಗುಂಡಿ, ಒಲೆ, ಫೋನು ಏನನ್ನೂ ಮುಟ್ಟುವಂತಿಲ್ಲ; ಮುಟ್ಟಿಕೊಡಿ ಎಂದು ಇನ್ನೊಬ್ಬರನ್ನು ಕೇಳುವಂತೆಯೂ ಇಲ್ಲ. ಮೈಸೂರಿನ ನನ್ನಮ್ಮನಿಗೆ ಅದು ಅರ್ಧ ನಿಮಿಷದಲ್ಲಿ ಅರ್ಥವಾಯಿತು. "ಪಾಪ ಕಣೇ, ಮಡಿ ಹೆಂಗಸು. ನಮ್ಮಜ್ಜೀನೂ ಮಡೀಲಿದ್ದಾಗ ಹಿಂಗೇ ಬಾಗಿಲ ಹತ್ರ ನಿಂತಿರೋರು, ಯಾರಾದ್ರೂ ತೆಗೀಲಿ ಅಂತ" ಎಂದಳು. ಅಂದಿನಿಂದ ಶನಿವಾರಗಳಂದು ನನ್ನನ್ನು ಅವರ ಮನೆಗೆ ಕಳಿಸತೊಡಗಿದಳು. ಕಳಿಸುವಾಗಲೆಲ್ಲ ಎಚ್ಚರಿಕೆ: "ಅಲ್ಲಿ ಏನನ್ನೂ ಮುಟ್ಟಿ ಮೈಲಿಗೆ ಮಾಡಿ ಬರಬೇಡ."

ಅಲ್ಲಿ ನಡೆಯುತ್ತಿದ್ದದ್ದು ಹೀಗೆ. ಅಡ್ಲರ್ ಅಜ್ಜಿ ಗೋಡೆಗೆ ಹೇಳುವ ಹಾಗೆ "ಇವತ್ತು ಮೋಡ, ಕತ್ತಲೆ" ಎನ್ನುತ್ತಿದ್ದರು. ನಾನು "ನನಗೆ ಓದಬೇಕು" ಎಂದು ದೀಪ ಹಾಕಿಕೊಳ್ಳುತ್ತಿದ್ದೆ. "ನೀನು ನನಗೋಸ್ಕರ ಹಾಕಿದರೆ ನನಗೆ ಅದು ಬೇಡ. ನಿನಗೋಸ್ಕರ ಹಾಕಿಕೊಂಡರೆ ಆ ಬೆಳಕಿನಲ್ಲಿ ನಾನೂ ಕೂರಬಹುದು" ಎಂದು ಅವರೇ ಕಲಿಸಿಕೊಟ್ಟಿದ್ದರು. ಆಡುತ್ತಿದ್ದದ್ದು ಇಂಗ್ಲಿಷ್, ಆದರೆ ಇಷ್ಟು ವರ್ಷ ನನ್ನ ತಲೆಯಲ್ಲಿ ಉಳಿದು ಅವರ ಮಾತೆಲ್ಲ ಕನ್ನಡವಾಗಿಬಿಟ್ಟಿದೆ. ಬೆಳಕಾದ ಮೇಲೆ ಪಾಠ. ಮೂರು ಸಾವಿರ ವರ್ಷದ ಚರಿತ್ರೆಯನ್ನು ಪಕ್ಕದ ಮನೆಯ ಸುದ್ದಿಯ ಹಾಗೆ ಹೇಳುತ್ತಿದ್ದರು. ದೇವರು ಕರೆದು ರಾಜನ ಹತ್ತಿರ ಮಾತಾಡು ಅಂದಾಗ ನನ್ನ ನಾಲಿಗೆ ಹೊರಳುವುದಿಲ್ಲ ಎಂದು ತಪ್ಪಿಸಿಕೊಳ್ಳಲು ನೋಡಿದ ಮೋಸೆಸ್. ತಾನು ಯಾರ ಮಗಳೆಂದು ಅರಮನೆಯಲ್ಲಿ ಮುಚ್ಚಿಟ್ಟುಕೊಂಡು, ತನ್ನವರ ಕುತ್ತಿಗೆಗೆ ಕತ್ತಿ ಬಂದಾಗ ಬಾಯಿಬಿಟ್ಟ ಎಸ್ತರ್ ರಾಣಿ. ಶೂರರ ಕಥೆ ಅವರು ಹೇಳಿದ್ದೇ ಕಡಿಮೆ. ಅಂಜುಬುರುಕರು ಒಂದು ದಿನ ಎದ್ದು ನಿಂತ ಕಥೆಗಳೇ ಹೆಚ್ಚು, ಬಹುಶಃ ನನ್ನನ್ನು ನೋಡಿಯೇ ಆರಿಸಿಕೊಂಡಿದ್ದರು.

ಅದು ಎರಡು ಸಾವಿರದ ಎಂಟನೆಯ ಇಸವಿ. ದೊಡ್ಡ ದೊಡ್ಡ ಬ್ಯಾಂಕುಗಳು ಮಗುಚಿ ಬೀಳುತ್ತಿದ್ದ ಆ ಶರತ್ಕಾಲದಲ್ಲಿ ನಮ್ಮ ಕಟ್ಟಡದ ಲಿಫ್ಟಿನಲ್ಲಿ ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಅಪ್ಪ ಧಾರವಾಡದವರು, ಮ್ಯಾನ್‌ಹಟನ್ನಿನ ಕಂಪನಿಯೊಂದರಲ್ಲಿ ಸಾಫ್ಟ್‌ವೇರ್ ಕೆಲಸ. ನಮ್ಮ ವೀಸಾ ಆ ಕೆಲಸದ ಬಾಲಕ್ಕೆ ಕಟ್ಟಿದ್ದು. ಕೆಲಸ ಹೋದರೆ ನಾವೂ ಹೊರಡಬೇಕು. ಅಮ್ಮ ಏಳು ತಿಂಗಳ ಬಸುರಿ. ರಕ್ತದೊತ್ತಡ ಜಾಸ್ತಿಯಿದೆ, ಮನಸ್ಸಿಗೆ ಯಾವ ಆಘಾತವೂ ಆಗಕೂಡದು ಎಂದು ಡಾಕ್ಟರು ಅಪ್ಪನನ್ನು ಪಕ್ಕಕ್ಕೆ ಕರೆದು ಹೇಳಿದ್ದರು. ಅಪ್ಪ ದಿನವೂ ಟೈ ಕಟ್ಟಿಕೊಂಡು, ಡಬ್ಬಿ ಹಿಡಿದು ಎಂಟು ಗಂಟೆಗೆ ಹೊರಡುತ್ತಿದ್ದರು. ಒಂದು ದಿನ ಶಾಲೆ ಅರ್ಧ ದಿನಕ್ಕೇ ಬಿಟ್ಟಿತು. ಅಮ್ಮ ಮಲಗಿದ್ದಾಳೇನೋ, ಎಬ್ಬಿಸುವುದು ಬೇಡವೆಂದು ನಾನು ಎದುರು ಬಾಗಿಲು ತಟ್ಟಿದೆ. ಅಡ್ಲರ್ ಅಜ್ಜಿ ಬಾಗಿಲು ಪೂರ್ತಿ ತೆರೆಯಲು ಹಿಂದೆಮುಂದೆ ನೋಡಿದರು. ಅವರ ಊಟದ ಮೇಜಿನ ಮುಂದೆ, ಟೈ ಸಡಿಲಿಸಿಕೊಂಡು, ಕಪ್ಪು ಫೋನು ಕಿವಿಗೆ ಹಿಡಿದು ಕೂತಿದ್ದವರು ನನ್ನ ಅಪ್ಪ. ಬಿಸಿನೆಸ್ ಇಂಗ್ಲಿಷಿನಲ್ಲಿ ಪಟಪಟ ಮಾತಾಡುತ್ತಿದ್ದ ಅಪ್ಪ ಅಂದು ಒಂದೊಂದು ಪದಕ್ಕೂ ತಡವರಿಸುತ್ತಿದ್ದರು.

ಕೆಲಸ ಹೋಗಿ ಮೂರು ವಾರವಾಗಿತ್ತು. ಮೊಬೈಲು ಕಂಪನಿಯದು, ವಾಪಸು ತೆಗೆದುಕೊಂಡಿದ್ದರು. ಮನೆಯ ಫೋನಿಗೆ ಕರೆ ಬಂದರೆ ಅಮ್ಮ ಎತ್ತುತ್ತಾಳೆ. ಕೆಳಗಿನ ಲಾಂಡ್ರಿ ಕೋಣೆಯಲ್ಲಿ ತಲೆ ಹಿಡಿದು ಕೂತಿದ್ದ ಅಪ್ಪನನ್ನು ನೋಡಿ ಅಡ್ಲರ್ ಅಜ್ಜಿಯೇ, ನನ್ನ ಹತ್ತಿರ ಮೇಜಿದೆ, ಫೋನಿದೆ, ಬಾ ಎಂದಿದ್ದರಂತೆ. ಅಪ್ಪ ನನ್ನನ್ನು ಕಾರಿಡಾರಿಗೆ ಕರೆದುಕೊಂಡು ಬಂದು ಮಂಡಿಯೂರಿ ಕೂತರು. "ವಿನೂ, ಅಮ್ಮಗ ಏನೂ ಹೇಳಬ್ಯಾಡವಾ. ಆಕಿ ಬಿ.ಪಿ. ಏರಿದ್ರ ಭಾಳ ತ್ರಾಸ ಆಗ್ತದ."

"ಆರ್ ವಿ ಗೋಯಿಂಗ್ ಬ್ಯಾಕ್, ಅಪ್ಪಾ?"

"ಯಾರಂದ್ರು ಹಂಗ? ಪಾರ್ಸಿಪನಿ ಅಂತ ಊರದ, ಅಲ್ಲಿಯ ಒಂದು ಕಂಪನಿಯವ್ರು ಫೋನ್ ಮಾಡ್ತೀವಿ ಅಂದಾರ. ಅವರು ಹೂಂ ಅಂದ್ರ ವೀಸಾ ಅವರ ಕಡೆ ಟ್ರಾನ್ಸ್‌ಫರ್ ಆಗ್ತದ, ಮುಗೀತು. ನೀ ಇಲ್ಲಿದ್ದಾಗ ಫೋನ್ ಬಂದ್ರ ಎತ್ತಿ ನನ್ನ ಕರಿ, ಅಷ್ಟ."

ಆಮೇಲೆ ಎರಡು ವಾರ ಹೀಗೆಯೇ ನಡೆಯಿತು. ಅಮ್ಮ ತಟ್ಟೆಗೆ ಸಾರು ಬಡಿಸುತ್ತ "ನಿಮ್ಮ ಆಫೀಸಲ್ಲಿ ಹೇಗಿದೆ ರೀ?" ಎಂದರೆ ಅಪ್ಪ "ಆರಾಮ ಅದ" ಎನ್ನುತ್ತಿದ್ದರು, ನಾನು ನೀರು ಕುಡಿಯುತ್ತಿದ್ದೆ. ಮನೆಯಲ್ಲಿ ಎಲ್ಲರೂ ನಗುತ್ತಿದ್ದೆವು, ಅಗತ್ಯಕ್ಕಿಂತ ಸ್ವಲ್ಪ ಜೋರಾಗಿ. ಶಾಲೆಯಲ್ಲಿ ನನ್ನ ಗೆಳತಿಯ ಮೇಜು ಖಾಲಿಯಾಯಿತು. ಅವರ ಮನೆಯವರೆಲ್ಲ ಹೈದರಾಬಾದಿಗೆ ವಾಪಸು ಹೋದರು ಎಂದು ಟೀಚರ್ ಹೇಳಿದರು. ನನ್ನ ಮೇಜನ್ನೂ ಹಾಗೆಯೇ ಖಾಲಿಯಾಗಿ ಕಲ್ಪಿಸಿಕೊಂಡು ನೋಡಿದೆ.

ಆ ಶನಿವಾರ ಮೋಡವಿತ್ತು. ಆದರೆ ಅಡ್ಲರ್ ಅಜ್ಜಿ ಕತ್ತಲೆಯ ಮಾತೆತ್ತುವ ಮೊದಲೇ ನಾನು ಕಥೆ ಕೇಳಿದೆ, ಹಾಗಾಗಿ ಮಬ್ಬಿನಲ್ಲೇ ಪಾಠ ಶುರುವಾಯಿತು. ಎರಡು ಸಾವಿರ ವರ್ಷಕ್ಕೂ ಹಿಂದೆ ಒಬ್ಬ ರಾಜ ಸಬ್ಬತ್ ಆಚರಿಸಕೂಡದೆಂದು ಆಜ್ಞೆ ಹೊರಡಿಸಿದ. ಒಂದು ಸಾವಿರ ಜನ, ಹೆಂಗಸರು ಮಕ್ಕಳೆಲ್ಲ ಸೇರಿ, ಬೆಟ್ಟದ ಗುಹೆಗಳಲ್ಲಿ ಅಡಗಿ ಕೂತರು. ಸೈನಿಕರು ಬೇಕೆಂದೇ ಸಬ್ಬತ್ ದಿನ ಬಂದರು. ಒಳಗಿದ್ದವರು ಕೈಯೆತ್ತಲಿಲ್ಲ, ಒಂದು ಕಲ್ಲು ಬೀಸಲಿಲ್ಲ, ಗುಹೆಯ ಬಾಯಿಗೆ ಅಡ್ಡವಾಗಿ ಏನನ್ನೂ ಇಡಲಿಲ್ಲ. ಹಾಗೆಯೇ ಕೂತಿದ್ದರು, ಹಾಗೆಯೇ ಸತ್ತರು. ನನ್ನ ಕಣ್ಣು ತುಂಬಿ ಬಂತು. ಆಗ ಫೋನು ರಿಂಗಾಯಿತು.

ಅಡ್ಲರ್ ಅಜ್ಜಿಯನ್ನು ಬಲ್ಲವರು ಯಾರೂ ಶನಿವಾರ ಫೋನು ಮಾಡುತ್ತಿರಲಿಲ್ಲ. ಸಂದೇಶ ಹಿಡಿದಿಡುವ ಯಂತ್ರವನ್ನೂ ಅವರು ಇಟ್ಟುಕೊಂಡಿರಲಿಲ್ಲ. ಅದು ಹತ್ತು ಸಲ ರಿಂಗಾಗಿ ನಿಂತಿತು. "ಎಷ್ಟು ಗದ್ದಲ ಅದು" ಎಂದರು ಅಡ್ಲರ್ ಅಜ್ಜಿ, ಗೋಡೆಗೆ. ಮತ್ತೆ ರಿಂಗಾಯಿತು. "ಯಾರೋ ಪಾಪ, ಬಹಳ ಹೊತ್ತಿನಿಂದ ಕಾಯುತ್ತಿದ್ದಾರೆ" ಎಂದರು, ಈ ಸಲ ನನ್ನನ್ನೇ ನೋಡಿ. ನನಗೆ ತಿಳಿಯಲಿಲ್ಲ ಎಂದು ಇಲ್ಲಿ ಬರೆದರೆ ಸುಳ್ಳಾಗುತ್ತದೆ. ಪಾರ್ಸಿಪನಿ ಎಂದು ತಿಳಿದಿತ್ತು. ಅವರು ಸೂಚನೆ ಕೊಡುತ್ತಿದ್ದಾರೆಂದೂ ತಿಳಿದಿತ್ತು. ಆದರೆ ಗುಹೆಯಲ್ಲಿ ಕೂತ ಮಕ್ಕಳಲ್ಲಿ ನಾನೂ ಒಬ್ಬಳಾಗಿದ್ದೆ. ಅಮ್ಮನ ಮೈಲಿಗೆಯ ಭಯ ಒಂದು ಕಡೆ, ಅಡ್ಲರ್ ಅಜ್ಜಿಯ ಕಣ್ಣಿನಲ್ಲಿ ಒಳ್ಳೆಯವಳಾಗಬೇಕೆಂಬ ಆಸೆ ಇನ್ನೊಂದು ಕಡೆ. ಎರಡೂ ಕೈಗಳನ್ನು ತೊಡೆಯ ಕೆಳಗಿಟ್ಟು ಅವುಗಳ ಮೇಲೆ ಬಲವಾಗಿ ಕೂತುಬಿಟ್ಟೆ. ನನ್ನ ಅಪ್ಪನ ಕೆಲಸ, ಹುಟ್ಟಲಿರುವ ತಮ್ಮ, ನಮ್ಮ ಕಿಟಕಿಯ ಸೇತುವೆ ಎಲ್ಲವೂ ಆ ಫೋನಿನೊಳಗೆ ಬಡಿದುಕೊಂಡು ಬಡಿದುಕೊಂಡು ಸುಮ್ಮನಾದವು.

ಮೂರನೆಯ ಸಲ ರಿಂಗಾದಾಗ ಅಡ್ಲರ್ ಅಜ್ಜಿ ಮೇಜಿಗೆ ಎರಡೂ ಕೈಯೂರಿ ಎದ್ದರು. ಮಂಡಿ ಲಟಕ್ ಎಂದದ್ದು ಕೇಳಿಸಿತು. ಫೋನಿನ ಮುಂದೆ ನಿಂತು ಒಂದು ಕ್ಷಣ ಕಣ್ಣು ಮುಚ್ಚಿದರು. ಆಮೇಲೆ ಎತ್ತಿದರು. "ಹೌದು, ಇದೇ ನಂಬರು. ಇದ್ದಾರೆ. ಎದುರು ಮನೆಯಲ್ಲೇ ಇದ್ದಾರೆ. ನೀವು ಇಡಬೇಡಿ, ದಯವಿಟ್ಟು ಇಡಬೇಡಿ." ನನ್ನ ಕಡೆ ತಿರುಗಿ, ಯಾವತ್ತೂ ಇಲ್ಲದ ಗಡಸು ದನಿಯಲ್ಲಿ "ಓಡು" ಎಂದರು.

ನಾನು ಓಡಿದೆ. ಅಮ್ಮ ಸೋಫಾದ ಮೇಲೆ ಕಾಲು ಚಾಚಿ ಕೂತಿದ್ದಳು, ಅಪ್ಪ ಲುಂಗಿಯಲ್ಲಿ ಬೀನ್ಸ್ ಹೆಚ್ಚುತ್ತಿದ್ದರು. "ಅಪ್ಪಾ, ಪಾರ್ಸಿಪನಿ, ಅಜ್ಜಿ ಮನೆ ಫೋನಲ್ಲಿ!" ಎಂದು ಅಮ್ಮನೆದುರೇ ಕೂಗಿದೆ. ಅಪ್ಪ ಚಾಕು ಬಿಟ್ಟು ಬರಿಗಾಲಿನಲ್ಲಿ ಹಾರಿದರು. ಅಮ್ಮ ಮಾತ್ರ ಮಿಸುಕಲಿಲ್ಲ. ನಾನು ಅಳುತ್ತ "ಸಾರಿ ಅಮ್ಮಾ, ಸಾರಿ" ಎಂದೆ. "ಅಳಬೇಡ್ವೇ" ಎಂದಳು. "ಹೋದ ತಿಂಗಳು ಅಷ್ಟು ಮಳೆ ಹೊಯ್ತಲ್ಲ, ನಿಮ್ಮಪ್ಪನ ಶೂ ಒಂದಿನಾನಾದ್ರೂ ನೆಂದಿತ್ತಾ? ಕಮ್ಯೂಟ್ ಮಾಡೋರ ಶೂ ಅದು? ನಂಗೆ ಗೊತ್ತಿಲ್ಲ ಅಂತ ಅವರಿಗೆ ಧೈರ್ಯ ಇತ್ತು. ಅದನ್ನ ಯಾಕೆ ಕಿತ್ಕೊಳ್ಳಲಿ ಅಂತ ಸುಮ್ನಿದ್ದೆ." ಅವಳ ಕೈ ಹೊಟ್ಟೆಯ ಮೇಲಿತ್ತು. ನಾವು ಮೂವರೂ ಒಬ್ಬರನ್ನೊಬ್ಬರು ಕಾಯಲು ಹೋಗಿ ಎಷ್ಟು ಒಂಟಿಯಾಗಿದ್ದೆವು!

ಕೆಲಸ ಸಿಕ್ಕಿತು. ಇವತ್ತು ನೀವು ಸಿಗದಿದ್ದರೆ ಸೋಮವಾರದವರೆಗೆ ಕಾಯುತ್ತಿರಲಿಲ್ಲ, ಪಟ್ಟಿಯಲ್ಲಿ ಮುಂದಿನವನನ್ನು ಕರೆಯುತ್ತಿದ್ದೆವು ಎಂದು ಫೋನು ಮಾಡಿದ ಮನುಷ್ಯ ಅಪ್ಪನಿಗೆ ಹೇಳಿದನಂತೆ. ಅಪ್ಪ ಅಡ್ಲರ್ ಅಜ್ಜಿಯ ಎರಡೂ ಕೈ ಹಿಡಿದುಕೊಂಡು ನಿಂತು, ಆಮೇಲೆ ಮನೆಗೆ ಬಂದು ಬಾತ್‌ರೂಮಿನ ಬಾಗಿಲು ಹಾಕಿಕೊಂಡರು. ನಾನು ಮತ್ತೆ ಎದುರು ಮನೆಗೆ ಹೋದೆ. ಅವರು ಕುರ್ಚಿಯಲ್ಲಿ ಕೂತಿದ್ದರು, ಕೋಣೆ ಇನ್ನೂ ಮಬ್ಬಾಗಿತ್ತು. ನಾನು ಕ್ಷಮೆ ಕೇಳುವ ಮೊದಲೇ "ಕಥೆ ಅರ್ಧಕ್ಕೇ ನಿಂತಿತ್ತು, ತಪ್ಪು ನನ್ನದು" ಎಂದರು. ಗುಹೆಯಲ್ಲಿ ಸತ್ತವರ ಸುದ್ದಿ ಮತ್ತತ್ಯಾಹು ಎಂಬ ವೃದ್ಧ ಪುರೋಹಿತನಿಗೆ ಮುಟ್ಟಿತು. ಅವನು ಅತ್ತ. ಆಮೇಲೆ ತನ್ನವರನ್ನು ಸೇರಿಸಿ, ಎಲ್ಲರೂ ಹೀಗೆಯೇ ಕೂತರೆ ಸಬ್ಬತ್ ಆಚರಿಸಲು ಒಬ್ಬರೂ ಉಳಿಯುವುದಿಲ್ಲ, ಇನ್ನು ಮುಂದೆ ನಮ್ಮವರನ್ನು ಉಳಿಸಿಕೊಳ್ಳಲು ಸಬ್ಬತ್ ದಿನವೂ ಕೈಯೆತ್ತೋಣ ಎಂದು ತೀರ್ಮಾನಿಸಿದ. "ಗುಹೆಯಲ್ಲಿದ್ದವರನ್ನು ಮೂರ್ಖರು ಅಂದ ಅಂತ ತಿಳಿಯಬೇಡ. ಅವರಿಗಾಗಿ ಅತ್ತು, ಆಮೇಲೆ ಬೇರೆ ದಾರಿ ಹಿಡಿದ. ಮುಂದಾಳು ಅಂದರೆ ಅಷ್ಟೇ" ಎಂದರು. ಜೀವ ಉಳಿಸಲು ಮಾತ್ರ ಸಬ್ಬತ್ ಮುರಿಯಬಹುದಂತೆ; ಫೋನು ಎತ್ತಿದ್ದಕ್ಕೆ ಅಷ್ಟು ದೊಡ್ಡ ಕಾರಣವಿತ್ತೇ ಎಂದು ಅವರ ಗುರುಗಳು ಕೇಳಿದ್ದರೆ ಏನು ಹೇಳುತ್ತಿದ್ದರೋ. ಅವರ ಬೆರಳುಗಳು ಮೇಜುಬಟ್ಟೆಯ ಅಂಚನ್ನು ಮಡಿಸುತ್ತ ಬಿಡಿಸುತ್ತ ಇದ್ದವು.

ಸ್ವಲ್ಪ ಹೊತ್ತಿನ ಮೇಲೆ ಅವರು ಗೋಡೆಯ ಕಡೆ ನೋಡಿ "ಇವತ್ತು ಮೋಡ, ಕತ್ತಲೆ" ಎಂದರು. ಸ್ವಿಚ್ಚು ಅವರ ಕೈಗೆಟಕುವಷ್ಟು ಹತ್ತಿರವಿತ್ತು. ನನಗೆ ಆಶ್ಚರ್ಯವಾಯಿತು. ಹೇಗೂ ಇವತ್ತು ಮುರಿದಾಗಿದೆಯಲ್ಲ, ದೀಪ ನೀವೇ ಹಾಕಿಕೊಳ್ಳಬಹುದಲ್ಲ ಎಂದು ಕೇಳಿಯೇಬಿಟ್ಟೆ.

"ಫೋನು ನಿಮಗೋಸ್ಕರ" ಎಂದರು. "ದೀಪ ನನಗೋಸ್ಕರ ಆಗುತ್ತದೆ."

ನಾನು ಎದ್ದೆ. "ನನಗೆ ಓದಬೇಕು" ಎಂದು ದೀಪ ಹಾಕಿದೆ. ಕೈಯಲ್ಲಿ ಯಾವ ಪುಸ್ತಕವೂ ಇರಲಿಲ್ಲ.

ಕ್ರಿಸ್ಮಸ್ ರಜೆಯೊಳಗೆ ನಾವು ಪಾರ್ಸಿಪನಿಗೆ ಮನೆ ಬದಲಿಸಿದೆವು. ಹೆದ್ದಾರಿಯಲ್ಲಿ ಮುಕ್ಕಾಲು ಗಂಟೆಯ ದಾರಿ, ಪ್ರತಿ ಶನಿವಾರ ಬರುತ್ತೇವೆ ಎಂದುಕೊಂಡಿದ್ದೆವು. ತಮ್ಮ ಹುಟ್ಟಿದ, ಚಳಿಗಾಲ ಬಂತು, ಈಜು ತರಗತಿ, ಕನ್ನಡ ತರಗತಿ ಬಂದವು. ಬಿಡುವಾಗುತ್ತಿದ್ದದ್ದು ಶನಿವಾರ ಮಾತ್ರ, ಅಂದು ಅವರಿಗೆ ಫೋನು ಮಾಡುವಂತಿರಲಿಲ್ಲ. ಹೀಗೆ ಒಂದೊಂದೇ ವಾರ ಜಾರಿ, ನಾನು ಕಾಲೇಜಿಗೆ ಹೋದ ವರ್ಷ ಅವರು ಹೋದರು. ಆ ಮನೆಯನ್ನು ಅವರ ಅಣ್ಣನ ಮಗಳು ಎರಡೇ ದಿನದಲ್ಲಿ ಖಾಲಿ ಮಾಡಿದಳಂತೆ. ನಾವು ಈ ದೇಶದಲ್ಲಿ ಉಳಿದದ್ದೇ ಅವರಿಂದ ದೂರವಾಗುವುದಕ್ಕೆ ಕಾರಣವಾಯಿತು ಎಂಬುದನ್ನು ನಾನು ಇವತ್ತಿಗೂ ನುಂಗಿಕೊಂಡಿಲ್ಲ. ಓದುವ ನಿಮಗೂ ಇಂಥ ಒಂದು ಎದುರು ಬಾಗಿಲು ಎಲ್ಲಿಯೋ ಇದ್ದೀತು.

ಈಗ ನನ್ನದೇ ಮನೆ, ನನ್ನದೇ ಶನಿವಾರಗಳು. ಮೋಡ ಮುಚ್ಚಿದ ದಿನ ಮೇಜಿನ ಮುಂದೆ ಕೂತು ಸುಮ್ಮನೆ ಕಾಯುತ್ತೇನೆ, ಯಾರಾದರೂ ಗೋಡೆಗೆ ಒಂದು ಮಾತು ಹೇಳಲಿ ಎಂದು. ಯಾರೂ ಹೇಳುವುದಿಲ್ಲ. ಕೊನೆಗೆ "ನನಗೆ ಓದಬೇಕು" ಎಂದು ನಾನೇ ಗಟ್ಟಿಯಾಗಿ ಹೇಳಿ ದೀಪ ಹಾಕುತ್ತೇನೆ. ಆಮೇಲೆ ಎದುರಿನ ಖಾಲಿ ಕುರ್ಚಿಯನ್ನು ಸ್ವಲ್ಪ ಬೆಳಕಿನ ಕಡೆಗೆ ಎಳೆದಿಡುತ್ತೇನೆ.